ನರ್ಸ್‌ಗೆ ಏನೇನು ಬರಬೇಕು?

1857ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ಹಿರಿಯ ಸರ್ಜನ್ ಜಾನ್ ಫ್ಲಿಂಟ್ ಸೌತ್ ಒಂದು ಕಿರುಹೊತ್ತಗೆ ಅಚ್ಚು ಹಾಕಿಸಿದರು. ನರ್ಸ್‌ಗಳು ಮನೆಗೆಲಸದವರಿದ್ದಂತೆ, ಪೋಲ್ಟೀಸ್ ಮಾಡುವುದನ್ನು ಹೇಳಿಕೊಟ್ಟರೆ ಧಾರಾಳವಾಯಿತು, ಅವರಿಗೆಂದು ಶಾಲೆ ಯಾಕೆ ಎಂಬುದು ಅವರ ವಾದ. ಆ ಹೊತ್ತಿಗಾಗಲೇ ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನಲ್ಲಿ ಜನ ಕೂಡಿಸಿಕೊಟ್ಟ ನಲವತ್ತು ಸಾವಿರ ಪೌಂಡಿಗೂ ಮಿಕ್ಕ ನಿಧಿ ಅಂಥದೇ ಒಂದು ಶಾಲೆಗಾಗಿ ಕಾದಿತ್ತು. 1860ರಲ್ಲಿ ಶಾಲೆ ತೆರೆದದ್ದು ಸೌತ್ ಅವರ ಆಸ್ಪತ್ರೆಯಲ್ಲೇ!

ಆ ಶಾಲೆಯ ಬಗ್ಗೆ ಓದುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಪಟ್ಟಿ. ವರ್ಷದ ತರಬೇತಿಯಲ್ಲಿ ಹುಡುಗಿಗೆ ಏನೇನು ಕೈಗೆ ಹತ್ತಬೇಕು ಎಂಬುದು ಅದರಲ್ಲಿದೆ. ಸುಟ್ಟಗಾಯ, ಹುಣ್ಣುಗಳ ಡ್ರೆಸ್ಸಿಂಗ್, ಜಿಗಣೆ ಹಚ್ಚುವುದು, ಎನಿಮಾ, ಹೆಂಗಸರಿಗೆ ಕ್ಯಾಥೆಟರ್, ಏಳಲಾರದವರನ್ನು ಹೊರಳಿಸಿ ಮೈ ಒರೆಸಿ ಬೆನ್ನುಹುಣ್ಣಾಗದಂತೆ ಕಾಯುವುದು, ಗಂಜಿ ಬೇಯಿಸುವುದು. ಇದೆಲ್ಲ ಕೈಗೆಲಸ. ಪಟ್ಟಿಯ ನಿಜವಾದ ತೂಕ ಇರುವುದು ಮುಂದಿನ ಭಾಗದಲ್ಲಿ: ಕಫ, ನಾಡಿ, ಚರ್ಮ, ಹಸಿವು, ಬಡಬಡಿಕೆ, ಉಸಿರಾಟ, ನಿದ್ದೆ, ಗಾಯದ ಸ್ಥಿತಿ, ಔಷಧ ಹೇಗೆ ನಾಟಿತು — ಇಷ್ಟನ್ನೂ ಗಮನಿಸಿ ನೋಡಲು ಬರಬೇಕು. ನೋಡುವುದೂ ಒಂದು ವಿದ್ಯೆ, ಅದನ್ನು ಕಲಿಸಬೇಕು ಎಂದು ಅಲ್ಲಿ ಬರೆದಿಟ್ಟಿದ್ದರು. ಸೌತ್ ಅವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಇರಲಾರದು.

ಆದರೆ ಪಟ್ಟಿ ಇದ್ದ ಮಾತ್ರಕ್ಕೆ ಪಾಠ ನಡೆಯಲಿಲ್ಲ. ಕಲಿಯಲು ಬಂದವರೇ ವಾರ್ಡಿನ ಕೆಲಸಕ್ಕೂ ಒದಗುತ್ತಿದ್ದರು. 1872ರ ಸುಮಾರಿಗೆ ನೈಟಿಂಗೇಲ್ ಹತ್ತಿರದಿಂದ ವಿಚಾರಿಸಿದಾಗ, ಕಲಿಸುವ ಹೊಣೆ ಹೊತ್ತಿದ್ದ ವೈದ್ಯರು ಪಾಠವನ್ನೇ ಕೈಬಿಟ್ಟಿದ್ದು ಬಯಲಾಯಿತು. ಅವರು ಹೋದರು, ಸರ್ಜನ್ ಜಾನ್ ಕ್ರಾಫ್ಟ್ ಪಾಠ ವಹಿಸಿಕೊಂಡರು. ಹುಡುಗಿಯರ ಓದು ನೋಡಿಕೊಳ್ಳಲೆಂದೇ ‘ಹೋಮ್ ಸಿಸ್ಟರ್’ ಬಂದರು. ನನ್ನ ಮಟ್ಟಿಗೆ ನರ್ಸಿಂಗ್ ಶಿಕ್ಷಣದ ಅಸಲಿ ಆರಂಭ ಇದೇ.

ಮುಂದಿನದು ತಿಳಿದ ಕಥೆ. ಕ್ಲಿಫರ್ಡ್ ಆಲ್‌ಬಟ್ 1860ರ ದಶಕದಲ್ಲಿ ರೂಪಿಸಿದ ಗಿಡ್ಡ ಥರ್ಮಾಮೀಟರ್ ನರ್ಸ್‌ಗಳ ಕೈಗೆ ಬಂತು, ಬಿ.ಪಿ. ಉಪಕರಣವೂ ಬಂತು. ನಮ್ಮಲ್ಲಿ 1871ರಲ್ಲಿ ಮದರಾಸಿನ ಜನರಲ್ ಆಸ್ಪತ್ರೆಯಲ್ಲಿ ತರಬೇತಿ ಶುರುವಾಯಿತು. 1946ರಲ್ಲಿ ದೆಹಲಿ, ವೆಲ್ಲೂರುಗಳಲ್ಲಿ ಪದವಿ. 1947ರಲ್ಲಿ ನರ್ಸಿಂಗ್ ಕೌನ್ಸಿಲ್ ಕಾಯ್ದೆ.

ಈಗ ಪ್ರತಿ ವಿದ್ಯಾರ್ಥಿಯ ಕೈಯಲ್ಲೂ ಲಾಗ್‌ಬುಕ್ ಇದೆ. ಕ್ಯಾನುಲಾ, ರೈಲ್ಸ್ ಟ್ಯೂಬ್, ಸಿ.ಪಿ.ಆರ್. ಎಲ್ಲಕ್ಕೂ ಸಹಿ ಬೀಳುತ್ತದೆ. ಪಕ್ಕದಲ್ಲಿ ನಿಂತು ತಿದ್ದುವವರು ಎಷ್ಟು ಜನ? ರೋಗಿಯ ಸ್ಥಿತಿ ಹದಗೆಡುವ ಮುನ್ನ ಹಲವೊಮ್ಮೆ ಮೊದಲು ಏರುಪೇರಾಗುವುದು ಉಸಿರಾಟ. ಅದನ್ನು ಎಣಿಸಲು ಯಂತ್ರ ಬೇಡ, ಎದೆಯ ಏರಿಳಿತ ನೋಡುತ್ತ ಒಂದು ನಿಮಿಷ ನಿಂತರೆ ಆಯಿತು. ಆ ಒಂದು ನಿಮಿಷವೂ ಸಿಗದೆ, ಚಾರ್ಟಿನಲ್ಲಿ ಸಾಲಾಗಿ 20, 20, 20 ಎಂದು ತುಂಬುವ ವಾರ್ಡುಗಳಿವೆ. ಹುಡುಗಿಯರನ್ನು ಬೈದು ಪ್ರಯೋಜನವಿಲ್ಲ. ಬೋಧನಾ ಆಸ್ಪತ್ರೆಯಲ್ಲಿ ಮೂವರು ರೋಗಿಗಳಿಗೆ ಒಬ್ಬ ನರ್ಸ್ ಎಂಬ ಮಾನದಂಡ ಕಾಗದದಲ್ಲೇ ಉಳಿದಿರುವಾಗ, ಕಲಿಯಲು ಬಂದವರು ಮತ್ತೆ ಬಿಟ್ಟಿ ಕೈಗಳಾಗುತ್ತಾರೆ. ಪ್ರತಿ ವಾರ್ಡಿಗೂ ಕಲಿಸಲೆಂದೇ ಒಬ್ಬ ಹಿರಿಯ ಸಿಸ್ಟರ್ ಬೇಕು. ಅವರನ್ನು ಡ್ಯೂಟಿ ಪಟ್ಟಿಯ ಲೆಕ್ಕಕ್ಕೆ ಹಿಡಿಯಬಾರದು.