ಅಮಲಿನ ಹಾಡಿಗೆ ಸ್ಟಾಪ್‌ವಾಚ್

ಸೈಕೆಡೆಲಿಕ್ ಸಂಗೀತವೆಂದರೆ ಹೇಳುವವರು ಕೇಳುವವರಿಲ್ಲದ ವ್ಯವಹಾರ ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಉದ್ದ ಕೂದಲಿನ ನಾಲ್ವರು ಹೊಗೆ ತುಂಬಿದ ಕೋಣೆಯಲ್ಲಿ ಕೂತು ಕೈಗೆ ಬಂದದ್ದನ್ನು ನುಡಿಸುತ್ತಾರೆ, ಯಾರೋ ರೆಕಾರ್ಡ್ ಮಾಡಿಕೊಳ್ಳುತ್ತಾರೆ, ಹಾಡು ತಾನಾಗಿ ಆಗುತ್ತದೆ ಎಂಬುದು ಜನರ ಮನಸ್ಸಿನಲ್ಲಿರುವ ಚಿತ್ರ. ವೇದಿಕೆಯ ಕಾರ್ಯಕ್ರಮಗಳ ಮಟ್ಟಿಗೆ ಇದರಲ್ಲಿ ಅಲ್ಪಸ್ವಲ್ಪ ಸತ್ಯವಿದ್ದೀತು. ಸಿನಿಮಾದ ಥೀಮ್ ಹಾಡಿಗೆ ಮಾತ್ರ ಇದು ಹೊಂದುವುದಿಲ್ಲ. ಅಲ್ಲಿ ದೃಶ್ಯ ಎಷ್ಟು ಸೆಕೆಂಡಿನದೋ ಹಾಡೂ ಅಷ್ಟೇ ಸೆಕೆಂಡಿನದು. 1968ರಲ್ಲಿ ತೆರೆಕಂಡ ‘ವಂಡರ್‌ವಾಲ್’ ಚಿತ್ರದ ಸಂಗೀತ ನಿರ್ದೇಶಕ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್. ಗೋಡೆಯ ತೂತಿನಿಂದ ಪಕ್ಕದ ಮನೆಯ ರೂಪದರ್ಶಿಯನ್ನು ಇಣುಕಿ ನೋಡುವ ವಿಜ್ಞಾನಿಯೊಬ್ಬನ ಕಥೆ ಅದು, ಮಾತು ಕಡಿಮೆ, ಬಣ್ಣ ಜಾಸ್ತಿ. ಹ್ಯಾರಿಸನ್ ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಚಿತ್ರ ನೋಡಿದರು, ಒಂದೊಂದು ದೃಶ್ಯದ ಅವಧಿಯನ್ನೂ ಪುಸ್ತಕದಲ್ಲಿ ಬರೆದುಕೊಂಡರು, ಅಷ್ಟಷ್ಟೇ ಅಳತೆಗೆ ಸಂಗೀತ ಮಾಡಿದರು. ಅದರ ಒಂದು ಭಾಗವನ್ನು ಆ ವರ್ಷದ ಜನವರಿಯಲ್ಲಿ ಬೊಂಬಾಯಿಯ ಎಚ್‌ಎಂವಿ ಸ್ಟುಡಿಯೊದಲ್ಲಿ ಮುದ್ರಿಸಿಕೊಂಡರು. ಆಶಿಷ್ ಖಾನರ ಸರೋದ್, ಶಿವಕುಮಾರ ಶರ್ಮರ ಸಂತೂರ್ ಅಲ್ಲಿ ಕೇಳುತ್ತವೆ. ಕೇಳುಗನ ತಲೆ ತಿರುಗಿಸುವ ಹಾಡನ್ನು ಕಟ್ಟುವವನ ತಲೆ ನೆಟ್ಟಗಿರಬೇಕು ಎಂಬ ಈ ಲೇಖನದ ವಾದಕ್ಕೆ ಆ ಗಡಿಯಾರವೇ ಮೊದಲ ಸಾಕ್ಷಿ.

ತಲೆ ತಿರುಗಿಸುವುದು ಹೇಗೆ? ದಾರಿಗಳು ಬಹಳವಿಲ್ಲ. ರಾಗ ಮುಂದೆ ಸಾಗದಂತೆ ಒಂದೇ ಸ್ವರವನ್ನು ಅಡಿಯಲ್ಲಿ ಹಿಡಿದಿಡುವುದು, ಅದರ ಮೇಲೆ ಸಣ್ಣ ಸೊಲ್ಲೊಂದನ್ನು ಮತ್ತೆ ಮತ್ತೆ ತಿರುಗಿಸುವುದು, ದನಿಯ ಮೂಲ ಎಲ್ಲಿದೆ ಎಂದು ಕಿವಿಗೆ ಗೊತ್ತಾಗದಂತೆ ಮಾಡುವುದು. ಮೊದಲಿನದು ನಮ್ಮ ಶ್ರುತಿಪೆಟ್ಟಿಗೆಯ ಕೆಲಸ. ಮೂರನೆಯದು ಯಂತ್ರದ್ದು. 1966ರ ಏಪ್ರಿಲ್‌ನಲ್ಲಿ ಬೀಟಲ್ಸ್ ತಂಡ ‘ಟುಮಾರೊ ನೆವರ್ ನೋಸ್’ ಮುದ್ರಿಸಿದಾಗ ಜಾನ್ ಲೆನನ್ ಇಟ್ಟ ಬೇಡಿಕೆ ವಿಚಿತ್ರವಾಗಿತ್ತು. ತನ್ನ ದನಿ ಬೆಟ್ಟದ ತುದಿಯಿಂದ ದಲೈಲಾಮಾ ಹಾಡಿದಂತೆ ಕೇಳಬೇಕು! ಎಂಜಿನಿಯರ್ ಜೆಫ್ ಎಮೆರಿಕ್ ಆ ದನಿಯನ್ನು ಲೆಸ್ಲಿ ಸ್ಪೀಕರಿಗೆ ಹಾಯಿಸಿದರು. ಎಲೆಕ್ಟ್ರಿಕ್ ಆರ್ಗನ್ನಿಗೆಂದು ಮಾಡಿದ ಪೆಟ್ಟಿಗೆ ಅದು. ಒಳಗೆ ಕಹಳೆಯೊಂದು ಗರಗರ ತಿರುಗುತ್ತದೆ. ಅದರ ಬಾಯಿ ನಮ್ಮ ಕಡೆ ಬರುವಾಗ ಸ್ವರ ಕೂದಲೆಳೆಯಷ್ಟು ಏರುತ್ತದೆ, ದೂರ ಸರಿಯುವಾಗ ಇಳಿಯುತ್ತದೆ, ರೈಲಿನ ಸೀಟಿ ಹತ್ತಿರ ಬಂದು ದಾಟಿಹೋದ ಹಾಗೆ. ಅದೇ ಹಾಡಿಗಾಗಿ ಟೇಪಿನ ತುಂಡುಗಳನ್ನು ಬಳೆಯಂತೆ ಅಂಟಿಸಿ, ಸ್ಟುಡಿಯೊ ಕಟ್ಟಡದ ಬೇರೆ ಬೇರೆ ಯಂತ್ರಗಳಲ್ಲಿ ಓಡಿಸಿ, ಅವು ಸಡಿಲವಾಗದಂತೆ ಸಿಬ್ಬಂದಿ ಪೆನ್ಸಿಲ್ ಕೊಟ್ಟು ಬಿಗಿಹಿಡಿದು ನಿಂತಿದ್ದರು. ಕೇಳುವಾಗ ಲೋಕ ಕರಗಿದಂತಿರುವ ಹಾಡು, ಮಾಡುವಾಗ ಪಕ್ಕಾ ಕಾರ್ಖಾನೆ.

ಈ ವಿದ್ಯೆ ಹಾಲಿವುಡ್ಡಿಗೆ ಬಂದಾಗ ಅದನ್ನು ಕೈಗೆತ್ತಿಕೊಂಡವರು ವೃತ್ತಿಪರ ಹಾಡುಗಟ್ಟುವವರು. ಮಂಕೀಸ್ ತಂಡದ ‘ಹೆಡ್’ (1968) ಚಿತ್ರದ ಥೀಮ್ ‘ಪೋರ್ಪಸ್ ಸಾಂಗ್’ ಬರೆದದ್ದು ಜೆರಿ ಗಾಫಿನ್ ಮತ್ತು ಕರೋಲ್ ಕಿಂಗ್. ನ್ಯೂಯಾರ್ಕಿನ ಸಂಗೀತ ಪ್ರಕಾಶಕರ ಕಚೇರಿಯಲ್ಲಿ ಕೂತು ಹದಿಹರೆಯದವರಿಗೆ ಪ್ರೇಮಗೀತೆ ಬರೆದುಕೊಡುತ್ತಿದ್ದ ಜೋಡಿ ಅದು. ಚಿತ್ರದ ಆರಂಭದಲ್ಲಿ ತಂಡದ ಮಿಕಿ ಡೋಲೆನ್ಜ್ ಸೇತುವೆಯಿಂದ ಧುಮುಕುತ್ತಾನೆ. ನೀರಿನೊಳಗೆ ಬಣ್ಣಗಳು ತಿರುವುಮುರುವಾಗುತ್ತವೆ, ಮತ್ಸ್ಯಕನ್ಯೆಯರು ಬರುತ್ತಾರೆ, ಆಗ ಈ ಹಾಡು. ಜ್ಯಾಕ್ ನಿಚಿ ಹೆಣೆದ ಚೆಲ್ಲೊಗಳು, ಚರ್ಚಿನ ನೆನಪು ತರುವ ಆರ್ಗನ್, ಗಂಟೆಗಳು, ದೂರದಿಂದ ತೇಲಿಬರುವ ಡೋಲೆನ್ಜ್‌ನ ದನಿ ಸೇರಿ ಮುಳುಗುವ ಅನುಭವವನ್ನೇ ಕಟ್ಟುತ್ತವೆ. ಕೊನೆಯಲ್ಲಿ ತಂಡದ ನಾಲ್ವರೂ ಧುಮುಕಿದಾಗ ಅದೇ ಹಾಡು ಮರಳುತ್ತದೆ. ಚಿತ್ರ ನೆಲಕಚ್ಚಿತು, ಹಾಡು ಅಮೆರಿಕದ ಪಟ್ಟಿಯಲ್ಲಿ 62ನೇ ಸ್ಥಾನ ದಾಟಲಿಲ್ಲ. ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಗಾಫಿನ್ ಎಲ್‌ಎಸ್‌ಡಿ ಸೇವಿಸಿದ್ದರು, ಅದರಿಂದ ಅವರ ಮನಸ್ಸಿನ ಆರೋಗ್ಯ ಕೆಟ್ಟಿತೆಂಬುದನ್ನು ಕರೋಲ್ ಕಿಂಗ್ ತಮ್ಮ ಆತ್ಮಕಥೆಯಲ್ಲೇ ಬರೆದಿದ್ದಾರೆ. ಹಾಗಿದ್ದರೆ ನಶೆಯ ಪರಿಚಯವಿಲ್ಲದೆ ಈ ಹಾಡು ಹುಟ್ಟುತ್ತಿತ್ತೇ? ಬಹುಶಃ ಇಲ್ಲ. ಆದರೆ ಅನುಭವ ಒದಗಿಸುವುದು ಕಚ್ಚಾ ಸಾಮಗ್ರಿಯನ್ನು ಮಾತ್ರ. ಚೆಲ್ಲೊ ನುಡಿಸಿದವರು ಎದುರಿಗಿಟ್ಟ ಸ್ವರಲಿಪಿ ನೋಡಿ ನುಡಿಸಿದರು, ಗಂಟೆ ಎಲ್ಲಿ ಬಾರಿಸಬೇಕೆಂಬುದು ಮೊದಲೇ ತೀರ್ಮಾನವಾಗಿತ್ತು. ಜ್ವರದ ಬಗ್ಗೆ ಬರೆಯುವ ವೈದ್ಯನಿಗೆ ಹಿಂದೊಮ್ಮೆ ಜ್ವರ ಬಂದಿರಬಹುದು, ಬರೆಯುವಾಗ ಇರಬೇಕಿಲ್ಲ.

ನಮ್ಮಲ್ಲಿ ಈ ಜಾತಿಯ ಹಾಡೆಂದರೆ 1971ರ ‘ಹರೇ ರಾಮ ಹರೇ ಕೃಷ್ಣ’ ಚಿತ್ರದ ‘ದಮ್ ಮಾರೋ ದಮ್’. ಆರ್.ಡಿ. ಬರ್ಮನ್ ಸಂಗೀತ, ಆನಂದ್ ಬಕ್ಷಿ ಸಾಹಿತ್ಯ, ಆಶಾ ಭೋಸ್ಲೆ ಗಾಯನ. ಮುಂದೆ ಗಜಲ್ ಗಾಯಕರಾಗಿ ಹೆಸರಾದ ಭೂಪಿಂದರ್ ಸಿಂಗ್ ಅವರದು ಗಿಟಾರ್. ಆ ಕಾಲದ ಬೊಂಬಾಯಿಯಲ್ಲಿ ಲಂಡನ್ನಿನ ಅನುಕೂಲಗಳಿರಲಿಲ್ಲ. ಗಾಯಕಿ, ಕೋರಸ್, ವಾದ್ಯವೃಂದ ಎಲ್ಲರೂ ಒಟ್ಟಿಗೆ ನಿಂತು ಹಾಡಿನುದ್ದಕ್ಕೂ ಒಂದೇ ಟೇಕಿನಲ್ಲಿ ಒಪ್ಪಿಸಬೇಕು, ಒಬ್ಬ ತಪ್ಪಿದರೆ ಎಲ್ಲರಿಗೂ ಮೊದಲಿನಿಂದ. ಯಂತ್ರ ಮಾಡಬೇಕಾದದ್ದನ್ನು ಬರ್ಮನ್ ಹೆಣಿಗೆಯಿಂದ ಮಾಡಿದರು. ಆಶಾ ದನಿ ತಗ್ಗಿಸಿ, ಉಸಿರು ಬೆರೆಸಿ ತುಣುಕು ತುಣುಕಾಗಿ ಹಾಡುತ್ತಾರೆ, ಕೋರಸ್ ನಾಮಘೋಷದಿಂದ ಉತ್ತರಿಸುತ್ತದೆ. ಒಬ್ಬರು ಹೇಳಿಕೊಟ್ಟು ಹಿಂಡು ಎತ್ತಿಕೊಳ್ಳುವ ಈ ಕ್ರಮ ಭಜನೆಯದ್ದು. ಇದು ಪಾಶ್ಚಾತ್ಯ ರಾಕ್‌ನ ನಕಲು ಎಂಬ ಟೀಕೆಗೆ ಇಲ್ಲೇ ಉತ್ತರವಿದೆ: ಗಿಟಾರ್ ಅಲ್ಲಿಯದು, ನಿಜ. ಆದರೆ ಬಿಡದ ಶ್ರುತಿ, ಮರಳಿ ಮರಳಿ ಬರುವ ನಾಮ, ಗುಂಪಿನೊಳಗೆ ಮೈಮರೆಯುವುದು ಇವೆಲ್ಲ ಹಿಪ್ಪಿಗಳೇ ಇಲ್ಲಿಂದ ಒಯ್ದದ್ದು. ಬರ್ಮನ್ ಸಾಲವನ್ನು ಬಡ್ಡಿಸಮೇತ ವಸೂಲಿ ಮಾಡಿದರು ಅಷ್ಟೆ.

ಚಿತ್ರೀಕರಣದಲ್ಲಿ ನಿಜವಾದ ಅಮಲೇ ಇತ್ತಲ್ಲ ಎಂದು ಕೇಳುವವರಿದ್ದಾರೆ. ಕಠ್ಮಂಡುವಿನ ಬೀದಿಗಳಿಂದ ಹಿಪ್ಪಿಗಳನ್ನು ಕರೆತಂದಿದ್ದರು, ಚಿಲುಮೆಯಲ್ಲಿದ್ದದ್ದು ಅಸಲಿ ಸರಕು, ತನಗೂ ನಶೆ ಏರಿತ್ತು ಎಂದು ಚಿತ್ರದ ನಟಿ ಜೀನತ್ ಅಮಾನ್ ಅವರೇ ನೆನಪಿಸಿಕೊಂಡಿದ್ದಾರೆ. ಇರಬಹುದು. ಆದರೆ ಹಿನ್ನೆಲೆ ಗಾಯನದ ಪದ್ಧತಿಯಲ್ಲಿ ಹಾಡು ಮೊದಲು, ತುಟಿ ಅಲ್ಲಾಡಿಸುವುದು ಆಮೇಲೆ. ಚಿಲುಮೆ ಹೊತ್ತುವ ಮುಂಚೆಯೇ ಹಾಡಿನ ಅಮಲು ಬೊಂಬಾಯಿಯಲ್ಲಿ ಸಿದ್ಧವಾಗಿತ್ತು.

ಇದಕ್ಕಿಂತ ಭಾರವಾದ ಆಕ್ಷೇಪ ನೀತಿಯದ್ದು. ನಿರ್ದೇಶಕ ದೇವ್ ಆನಂದ್ ಮಾಡಹೊರಟದ್ದು ನಶೆಯ ವಿರುದ್ಧದ ಚಿತ್ರ, ದಾರಿ ತಪ್ಪಿದ ತಂಗಿಯನ್ನು ಹುಡುಕುವ ಅಣ್ಣನ ಕಥೆ. ಹಾಡು ನಶೆಗೇ ಜಾಹೀರಾತಾಯಿತು ಎಂದು ಆಗಲೂ ದೂರಿದರು, ದೇವರ ನಾಮವನ್ನು ಹೊಗೆಯ ಜೊತೆ ಬೆರೆಸಿದ್ದಕ್ಕೆ ಹಲವರಿಗೆ ಸಿಟ್ಟೂ ಬಂತು. ಆ ಸಿಟ್ಟು ಪೂರ್ತಿ ಅನ್ಯಾಯದ್ದೆನ್ನಲಾಗದು. ಆದರೆ ತಂಗಿಯನ್ನು ಮನೆಯಿಂದ ಸೆಳೆದದ್ದು ಏನೆಂಬುದು ನೋಡುಗನ ಕಿವಿಗೆ ಬೀಳದಿದ್ದರೆ ಅಣ್ಣನ ಸಂಕಟಕ್ಕೆ ಅರ್ಥವೇ ಇಲ್ಲ. ಸೆಳೆತವಿಲ್ಲದ ಪಾಪದ ಬಗ್ಗೆ ಎಚ್ಚರಿಕೆ ಯಾರಿಗೆ ಬೇಕು? ಹಾಡು ಮುಗಿದ ಬೆನ್ನಿಗೇ ಕಿಶೋರ್ ಕುಮಾರ್ ದನಿಯಲ್ಲಿ ಅಣ್ಣನ ಉತ್ತರದ ಹಾಡು ಬರುತ್ತದೆ, ತುಂಬಾ ಬುದ್ಧಿಮಾತಿನದು. ಜನರ ಬಾಯಲ್ಲಿ ಉಳಿದದ್ದು ಮೊದಲನೆಯದು. ತಪ್ಪು ಅದನ್ನು ಚೆನ್ನಾಗಿ ಮಾಡಿದವರದ್ದಲ್ಲ, ಉತ್ತರವನ್ನು ಅಷ್ಟೇ ಚೆನ್ನಾಗಿ ಕಟ್ಟದೆ ಹೋದವರದ್ದು. ಆಶಾ ಭೋಸ್ಲೆಗೆ ಆ ಹಾಡಿಗಾಗಿಯೇ ಫಿಲಂಫೇರ್ ಪ್ರಶಸ್ತಿ ಬಂತು. 2004ರಲ್ಲಿ ಅಮೆರಿಕದ ರ‍್ಯಾಪರ್ ಮೆಥಡ್ ಮ್ಯಾನ್ ಅದರ ತುಣುಕನ್ನು ತನ್ನ ಹಾಡಿಗೆ ಬಳಸಿಕೊಂಡ. 2011ರಲ್ಲಿ ಅದೇ ಹೆಸರಿನ ಹಿಂದಿ ಚಿತ್ರಕ್ಕೆ ಪ್ರೀತಮ್ ಅದನ್ನು ಹೊಸದಾಗಿ ಮಾಡಿದರು. ಆ ಹೊತ್ತಿಗೆ ಟ್ರ್ಯಾಕುಗಳಿಗೆ ಮಿತಿಯಿರಲಿಲ್ಲ, ಕಂಪ್ಯೂಟರ್ ಹೇಳಿದಂತೆ ಕೇಳುತ್ತಿತ್ತು. ಆದರೂ ಹೊರಬಂದದ್ದು ಕುಣಿಸುವ ಹಾಡು. ಬಡಿತ ಎಡೆಬಿಡದೆ ತುಂಬಿಕೊಂಡಿರುವ ಅಲ್ಲಿ, ಆಶಾ ಎರಡು ತುಣುಕುಗಳ ನಡುವೆ ಬಿಟ್ಟ ಆ ಉಸಿರಿಗೆ ಜಾಗವೇ ಸಿಕ್ಕಿಲ್ಲ.