ಆಗಸದಿಂದ ಕಂಡ ಕೆರೆಯ ತಳ

ಸೊರಬ, ಶಿಕಾರಿಪುರ ಸೀಮೆಯಲ್ಲಿ ಕೆರೆಗಳಿಗೆ ಬರವಿಲ್ಲ. ಆದರೆ ಗಾಳ ಹಿಡಿದು ಕುಪ್ಪಗಡ್ಡೆಯ ಕಡೆಗೆ ಹೊಸದಾಗಿ ಬಂದವನಿಗೆ ಕೆರೆಯಲ್ಲಿ ನೀರಷ್ಟೇ ಕಾಣುತ್ತದೆ. ಮೀನಿನ ಮನೆ ಕಾಣುವುದಿಲ್ಲ. ಅದರ ಸುಳಿವನ್ನು ಇಂದು ಆಗಸದಿಂದ ತೆಗೆದ ಚಿತ್ರಗಳು ಕೊಡುತ್ತವೆ.

ಫೋನಿನಲ್ಲಿ ಉಪಗ್ರಹದ ನಕಾಶೆಯನ್ನು ತೆರೆದು ನೋಡಿರಿ. ಕೆರೆಯ ಒಂದು ಅಂಚು ಗೆರೆ ಎಳೆದಂತಿದ್ದರೆ ಅದೇ ಏರಿ. ಎದುರಿನ ಅಂಕುಡೊಂಕಾದ ಅಂಚು ಹಳ್ಳಗಳು ನೀರು ತರುವ ಕಡೆ. ಸಾಮಾನ್ಯವಾಗಿ ಆಳವಿರುವುದು ಏರಿಯ ಬುಡದಲ್ಲಿ, ತೂಬಿನ ಸಮೀಪ. ಬಿಸಿಲೇರಿದಾಗ ಮೀನು ಅಲ್ಲಿಗೆ ಸರಿಯುತ್ತದೆ. ಹೊಸ ಮಳೆಯ ನೀರು ಹರಿದಾಗ ಹಳ್ಳದ ಬಾಯಿಗೆ ಏರಿ ಬರುತ್ತದೆ.

ಇನ್ನೊಂದು ಉಪಾಯವುಂಟು. ತುಂಬಿದ ಕೆರೆಯ ಚಿತ್ರವನ್ನು ಬಿಟ್ಟು ಬೇಸಗೆಯ ಚಿತ್ರವನ್ನು ಹುಡುಕಬೇಕು. ಗೂಗಲ್ ಅರ್ತ್‌ನಲ್ಲಿ ಹಿಂದಿನ ವರ್ಷಗಳ ಚಿತ್ರಗಳು ಸಿಗುತ್ತವೆ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು 2015ರಿಂದೀಚೆಗೆ ತೆಗೆದ ಚಿತ್ರಗಳೂ ಉಚಿತ. ಅವುಗಳ ಒಂದೊಂದು ಚುಕ್ಕೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಏಪ್ರಿಲ್, ಮೇ ತಿಂಗಳಲ್ಲಿ ನೀರು ಕೊನೆಗೆ ಉಳಿಯುವ ತಾಣವೇ ಕೆರೆಯ ಮಡು. ಅದನ್ನು ಗುರುತಿಟ್ಟುಕೊಂಡರೆ ಮಳೆಗಾಲದ ನೀರಿನಡಿಯ ತಗ್ಗುದಿಣ್ಣೆ ತಿಳಿದಂತೆಯೇ.

ಆದರೆ ಚಿತ್ರವು ಮೋಸವನ್ನೂ ಮಾಡೀತು. ತಾವರೆ, ಜೊಂಡು ಮುಚ್ಚಿದ ಕೆರೆ ಮೇಲಿನಿಂದ ಹಸುರು ಗದ್ದೆಯಂತೆ ತೋರುತ್ತದೆ. ಚಿತ್ರ ತೆಗೆದ ಬಳಿಕ ಹೂಳೆತ್ತಿದ ಗುಂಡಿಯಂತೂ ಅದರಲ್ಲಿ ಇರುವುದೇ ಇಲ್ಲ. ಮೊಣಕಾಲುದ್ದದ ನೀರೆಂದು ನಂಬಿ ನಡೆದವನು ಮರುಹೆಜ್ಜೆಗೆ ಆಳುದ್ದದ ನೀರಿಗೆ ಇಳಿದಾನು. ಈಜು ಬಲ್ಲವನನ್ನೂ ಕೆಸರು ಹಿಡಿದೀತು.

ಆ ಗುಂಡಿಗಳನ್ನು ಬಲ್ಲವರು ಊರವರು. ಬೇಸಗೆಯಲ್ಲಿ ನೀರಿಳಿದಾಗ ಈ ಸೀಮೆಯಲ್ಲಿ ಕೆರೆಬೇಟೆ ನಡೆಯುತ್ತದೆ. 2024ರಲ್ಲಿ ತೆರೆಕಂಡ ಚಲನಚಿತ್ರವೊಂದು ಈ ಹೆಸರನ್ನೇ ಹೊತ್ತಿತು. ಜನರು ಕೂಣಿ ಹಿಡಿದು ಒಟ್ಟಾಗಿ ಕೆರೆಗಿಳಿದು, ಕೆಸರಿನಲ್ಲಿ ಹೆಜ್ಜೆಹೆಜ್ಜೆಗೂ ಅದನ್ನು ಊರಿ ಮೀನು ಹಿಡಿಯುತ್ತಾರೆ. ತಳದ ಎಲ್ಲಿ ಕಲ್ಲು, ಎಲ್ಲಿ ಹೂಳು, ಎಲ್ಲಿ ಹಳ್ಳ ಎಂಬುದನ್ನು ಅವರು ಕಾಲಿನಿಂದಲೇ ಅಳೆದು ಬಲ್ಲರು. ಉಪಗ್ರಹಕ್ಕೆ ದೊರೆಯದ ಲೆಕ್ಕವದು.

ನಕಾಶೆಯು ಹೇಳದ ಇನ್ನೊಂದು ಸಂಗತಿ ನೀರಿನ ಹಕ್ಕು. ಎಷ್ಟೋ ಕೆರೆಗಳ ಮೀನನ್ನು ಗುತ್ತಿಗೆಗೆ ಕೊಟ್ಟಿರುತ್ತಾರೆ. ಮರಿ ಬಿಟ್ಟು ಸಾಕಿದವನ ದುಡಿಮೆ ಅದರಲ್ಲಿರುತ್ತದೆ. ಆದುದರಿಂದ ಫೋನಿನಲ್ಲಿ ಜಾಗವನ್ನು ಗುರುತಿಸಿಕೊಂಡವರು ನೇರವಾಗಿ ನೀರಿಗೆ ಹೋಗದೆ, ಏರಿಯ ಹತ್ತಿರದ ಮನೆಯ ಜಗುಲಿಗೆ ಹೋಗುವುದು ಲೇಸು. "ಇಲ್ಲಿ ಗಾಳ ಹಾಕಬಹುದೆ? ಗುಂಡಿ ಯಾವ ಕಡೆಗಿದೆ?" ಎಂಬ ಎರಡು ಮಾತು ಕೇಳಿಕೊಂಡರೆ, ಮೀನು ದೊರೆಯದಿದ್ದರೂ ಮನೆಗೆ ಮರಳುವುದಂತೂ ನಿಶ್ಚಯ.