ಮನೆಯಲ್ಲಿ ತೋಟಾ ತುಂಬುವವರಿಗೆ ವೈದ್ಯನ ಮಾತು



ನಮ್ಮ ನುಡಿಯಲ್ಲಿ 'ಮದ್ದು' ಎಂಬುದು ಔಷಧಕ್ಕೂ ಸಲ್ಲುತ್ತದೆ, ಕೋವಿಯ ಮದ್ದಿಗೂ ಸಲ್ಲುತ್ತದೆ. ಇಂದು ಎರಡನೆಯದನ್ನು ಕುರಿತು ವೈದ್ಯನಾದ ನಾನು ಮಾತನಾಡಲು ಕಾರಣವುಂಟು. ಇಲ್ಲಿ ಅಮೆರಿಕದಲ್ಲಿ ಗುರಿಯಭ್ಯಾಸದ ಹವ್ಯಾಸವುಳ್ಳ ಮಿತ್ರರು ಹಾರಿಸಿದ ರೈಫಲ್ ತೋಟಾಗಳನ್ನು ಗ್ಯಾರೇಜಿನಲ್ಲಿಯೇ ಮತ್ತೆ ತುಂಬಿಕೊಳ್ಳುತ್ತಾರೆ; ಯಾವ ಪ್ರೆಸ್ ಕೊಳ್ಳಬೇಕೆಂದು ಕೇಳುತ್ತಾರೆ.

ಪ್ರೆಸ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆ. 'ಸಿಂಗಲ್ ಸ್ಟೇಜ್' ಹಿಡಿಯ ಒಂದು ಎಳೆತಕ್ಕೆ ಒಂದೇ ಕೆಲಸ ಮಾಡುತ್ತದೆ. 'ಟರೆಟ್'ನಲ್ಲಿ ಹಲವು ಅಚ್ಚುಗಳು ತಿರುಗುವ ತಲೆಯಲ್ಲಿ ಸಜ್ಜಾಗಿರುತ್ತವೆ. 'ಪ್ರೊಗ್ರೆಸಿವ್' ಎಳೆತಕ್ಕೊಂದು ಪೂರ್ಣ ತೋಟಾ ಕೊಡುತ್ತದೆ. ನಿಖರತೆಯನ್ನು ಬಯಸುವವರಿಗೆ, ಅದರಲ್ಲೂ ಹೊಸಬರಿಗೆ, ಮೊದಲನೆಯದೇ ಲೇಸು. ಅದರ ಗಟ್ಟಿ ಚೌಕಟ್ಟು ಸುಲಭವಾಗಿ ಬಾಗದು. ಪ್ರತಿಯೊಂದು ಕೇಸನ್ನೂ ಕಣ್ಣಾರೆ ಪರೀಕ್ಷಿಸಲು ಬಿಡುವಿರುತ್ತದೆ. ಮದ್ದು ಅಳತೆ ಮೀರಿದರೆ ಕೋವಿಯೇ ಸಿಡಿಯಬಹುದು.

ಇನ್ನು ವೈದ್ಯನ ಮಾತು. ಸಾಮಾನ್ಯ ಪ್ರೈಮರಿನಲ್ಲಿ ಸೀಸವಿದೆ. ಹಳೆಯ ಪ್ರೈಮರನ್ನು ಹೊರದಬ್ಬುವಾಗ ಅದರ ಧೂಳು ನೆಲಕ್ಕೆ ಬೀಳುತ್ತದೆ; ಅಂಬೆಗಾಲಿಡುವ ಮಗುವಿನ ಕೈಯಿಂದ ಬಾಯಿಗೆ ಸೇರುತ್ತದೆ. ಆದುದರಿಂದ 'ಫಾರ್ಸ್ಟರ್ ಕೋ-ಆಕ್ಸ್'ನಂತೆ ಪ್ರೈಮರನ್ನು ಕೊಳವೆಯ ಮೂಲಕ ಬಟ್ಟಲಿಗೆ ಇಳಿಸುವ ಪ್ರೆಸ್ಸನ್ನೇ ಆರಿಸಿರಿ. ಮಕ್ಕಳ ರಕ್ತದಲ್ಲಿ ಸೀಸಕ್ಕೆ ಸುರಕ್ಷಿತ ಪ್ರಮಾಣವೆಂಬುದಿಲ್ಲ. ಎಚ್ಚರಿಕೆಯ ಮಟ್ಟವನ್ನು ಅಮೆರಿಕದ ಸಿ.ಡಿ.ಸಿ. ಸಂಸ್ಥೆಯು 2021ರಲ್ಲಿ ಡೆಸಿಲೀಟರಿಗೆ 5ರಿಂದ 3.5 ಮೈಕ್ರೋಗ್ರಾಮಿಗೆ ಇಳಿಸಿತು.

ಊಟದ ಮೇಜಿನ ಮೇಲೆ ಈ ಕೆಲಸ ಬೇಡ. ಧೂಳನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿರಿ. ಸೋಪಿನಿಂದ ಕೈ ತೊಳೆದು, ಬಟ್ಟೆ ಬದಲಿಸಿದ ಮೇಲೆಯೇ ಮಗುವನ್ನೆತ್ತಿಕೊಳ್ಳಿರಿ. ಸಂದೇಹವಿದ್ದರೆ ರಕ್ತಪರೀಕ್ಷೆ ಮಾಡಿಸಿರಿ.

ಗುರಿ ತಪ್ಪಿದರೆ ಮತ್ತೊಮ್ಮೆ ಹೊಡೆಯಬಹುದು. ಸೀಸದಿಂದ ಮಗುವಿನ ಮಿದುಳಿಗೆ ತಗುಲಿದ ಪೆಟ್ಟಿಗೆ ನಮ್ಮಲ್ಲಿ ಮದ್ದಿಲ್ಲ.